ಕಂಡಿಯಿಲ್ಲದ ಸ್ನಾನದ ಮನೆ

ಹಾನುಬಾಳಿನಿಂದ ಒಂದು ಹರದಾರಿ ಮೇಲಕ್ಕೆ ಹತ್ತಿದರೆ ಸಿಗುತ್ತಿದ್ದ ಕಾಫಿ ಎಸ್ಟೇಟಿನಲ್ಲಿ ಕ್ಯಾಜಿಟನ್ ಕಟ್ಟದೆ ಬಿಟ್ಟ ಗೋಡೆ ಕಡಿಮೆ. ಕಾಫಿಹಣ್ಣು ಸುಲಿಯುವ ಪಲ್ಪರ್ ಮನೆ, ಕಾಫಿಬೀಜ ನೆನೆಯುವ ತೊಟ್ಟಿಗಳು, ಒಣಹಾಕುವ ಕಣ, ಸ್ಟೋರ್, ದೊರೆಯ ಬಂಗಲೆಯ ಹೊಸ ಜಗಲಿ, ಎಲ್ಲ ಅವನ ಕರಣೆಯಿಂದಲೇ ಬಂದವು. ತೊಟ್ಟಿ ಕಟ್ಟುವುದರಲ್ಲಂತೂ ಅವನಿಗೆ ಹೆಸರಿತ್ತು. ನಿಲ್ಲಬೇಕಾದ ನೀರು ಹನಿಯೂ ಸೋರುತ್ತಿರಲಿಲ್ಲ, ಹೋಗಬೇಕಾದ ನೀರು ಹನಿಯೂ ನಿಲ್ಲುತ್ತಿರಲಿಲ್ಲ. ಬಾವಿಕಟ್ಟೆ ಕಟ್ಟಿಸಲು ಆಲೂರಿನ ಕಡೆಯವರು ಕೂಡ ಗಾಡಿ ಕಳಿಸಿ ಅವನನ್ನು ಕರೆಸಿಕೊಂಡದ್ದುಂಟು. ಅಂಥವನು ತನ್ನ ಮೂವತ್ತಮೂರನೆಯ ವಯಸ್ಸಿನಲ್ಲಿ, ನೆಲದ ನೀರು ಹೊರಗೆ ಹೋಗಲು ದಾರಿಯೇ ಇಲ್ಲದ ಆರು ಸ್ನಾನದ ಕೋಣೆಗಳನ್ನು ಕಟ್ಟಿದ. ಆಮೇಲಿನ ಮೂರು ವರ್ಷ, ಅದನ್ನು ತಿದ್ದಲು ಅಪ್ಪಣೆ ಕೇಳುವುದರಲ್ಲೇ ಕಳೆದ.

ಅವನು ಹುಟ್ಟಿದ್ದು ೧೮೬೧ರಲ್ಲಿ, ನೇತ್ರಾವತಿಯ ದಂಡೆಯ ಒಂದು ಊರಿನಲ್ಲಿ. ಅಪ್ಪ ಹೆಂಚಿನ ದೋಣಿ ನಡೆಸುತ್ತಿದ್ದ. ಇಪ್ಪತ್ತೊಂದರ ಪ್ರಾಯದಲ್ಲಿ ಹೆಂಚಿನ ಗಾಡಿಗಳ ಹಿಂದೆ ಶಿರಾಡಿ ಘಾಟಿ ಹತ್ತಿ ಬಂದ ಕ್ಯಾಜಿಟನ್, ಹೆಂಚು ಇಳಿಸಿ, ಮಾಡಿಗೆ ಹೊದಿಸಿ, ಅಲ್ಲೇ ಉಳಿದುಬಿಟ್ಟ. ಎರಡು ವರ್ಷದ ಮೇಲೆ ಊರಿಗೆ ಹೋಗಿ ಮೊಡೆಸ್ಟಾಳನ್ನು ಮದುವೆಯಾಗಿ ಕರೆತಂದ. ಎಸ್ಟೇಟಿನ ಜನರ ನಾಲಗೆಗೆ ಅವನ ಹೆಸರು ಒಗ್ಗಲಿಲ್ಲ. ಕಾಯ್ತಣ್ಣ ಎಂದು ಕರೆದರು. ತಾಯಿಯೂ ಮನೆಯಲ್ಲಿ ಕಾಯ್ತಾನ್ ಎಂದೇ ಕೂಗುತ್ತಿದ್ದುದರಿಂದ ಅವನಿಗೆ ಅದು ಪರಕೀಯವೆನಿಸಲಿಲ್ಲ.

ಕೂಲಿಯವರ ಸಾಲುಮನೆಗಳಿಗೆ ಲೈನ್ ಎನ್ನುತ್ತಿದ್ದರು. ಒಂದು ಸಂಸಾರಕ್ಕೆ ಒಂದೇ ಕೋಣೆ. ಬಚ್ಚಲು ಯಾರಿಗೂ ಇರಲಿಲ್ಲ. ಗಂಡಸರು ಹಳ್ಳದಲ್ಲಿ ಮೀಯುತ್ತಿದ್ದರು. ಹೆಂಗಸರು ಮನೆಯ ಹಿಂದೆ ತಡಿಕೆ ನಿಲ್ಲಿಸಿ ಅದರ ಮರೆಯಲ್ಲಿ ನೀರು ಹೊಯ್ದುಕೊಳ್ಳುತ್ತಿದ್ದರು. ೧೮೯೩ರ ಬೇಸಿಗೆಯಲ್ಲಿ ವಾಂತಿಭೇದಿ ಬಂದು ಲೈನಿನಲ್ಲಿ ಹದಿನಾಲ್ಕು ಜನ ಹೋದರು. ಎಸ್ಟೇಟ್ ನೋಡಿಕೊಳ್ಳುತ್ತಿದ್ದ ಥಾರ್ಪ್ ದೊರೆ ಆ ಹದಿನಾಲ್ಕನ್ನೂ ಮಣ್ಣುಮಾಡುವಲ್ಲಿ ನಿಂತಿದ್ದ. ಮಾರನೆಯ ವರ್ಷ ಅವನಿಗೆ ಇಂಗ್ಲೆಂಡಿನಿಂದ ಒಂದು ನಕ್ಷೆ ಬಂತು.

ಥಾರ್ಪ್ ದೊಡ್ಡ ಮನೆತನದವನಲ್ಲ. ಅವನ ಅಪ್ಪ ಉತ್ತರ ಇಂಗ್ಲೆಂಡಿನ ಗಿರಣಿ ಊರೊಂದರ ಸಾರ್ವಜನಿಕ ಸ್ನಾನದ ಮನೆಯಲ್ಲಿ ಮೇಲ್ವಿಚಾರಕ. ಇದನ್ನು ಅವನು ಬೇರೆ ದೊರೆಗಳ ಮುಂದೆ ಹೇಳುತ್ತಿರಲಿಲ್ಲ. ಕ್ಯಾಜಿಟನ್‌ಗೆ ಹೇಳಿದ, ಅದೂ ಬಂಗಲೆಯ ಜಗಲಿಯಲ್ಲಿ ನಕ್ಷೆ ಹಾಸಿ ಕೂತು, ಇಡೀ ಒಂದು ಮಧ್ಯಾಹ್ನ.

ವಾಂತಿಭೇದಿ ಅವನ ದೇಶಕ್ಕೂ ಬಂದಿತ್ತಂತೆ. ೧೮೩೨ರಲ್ಲಿ ಲಿವರ್‌ಪೂಲ್ ಬಂದರಿನ ಒಬ್ಬ ಬಡ ಹೆಂಗಸು ತನ್ನ ಅಡುಗೆಮನೆಯ ಹಂಡೆಯನ್ನು ಕೇರಿಯವರ ಬಟ್ಟೆ ಒಗೆಯಲು ಬಿಟ್ಟುಕೊಟ್ಟಳು. ಹತ್ತು ವರ್ಷದ ಮೇಲೆ ಅದೇ ಊರಿನಲ್ಲಿ ಆಡಳಿತದವರೇ ಬಡವರಿಗಾಗಿ ಸ್ನಾನಕ್ಕೂ ಬಟ್ಟೆಗೂ ಒಂದು ಮನೆ ಕಟ್ಟಿಸಿದರು. ೧೮೪೬ರಲ್ಲಿ ಪಾರ್ಲಿಮೆಂಟು ಕಾನೂನು ಮಾಡಿತು. ಆಮೇಲೆ ಒಂದೊಂದಾಗಿ ಊರೂರಿಗೂ ಅಂಥ ಮನೆಗಳೆದ್ದವು. ಒಂದು ಪೆನ್ನಿ ಕಾಸಿಗೆ ತಣ್ಣೀರು, ಎರಡಕ್ಕೆ ಬಿಸಿನೀರು. ಬಾಗಿಲು ಹಾಕಿಕೊಂಡು ತೊಟ್ಟಿಯಲ್ಲಿ ಕೂತವರು ಬಿಸಿನೀರು ಬೇಕೆಂದು ಕೂಗುವುದು, ಹೊರಗಿನಿಂದ ಥಾರ್ಪನ ಅಪ್ಪ ನಲ್ಲಿ ತಿರುಗಿಸುವುದು. ಈಜಲು ಬೇರೆ ಒಂದು ದೊಡ್ಡ ಕೊಳ. ಸೋಮವಾರ ತುಂಬಿಸಿದರೆ ಶನಿವಾರವೇ ಬರಿದುಮಾಡುವುದು. ಹೊಸ ನೀರಿನ ದಿನ ಹೆಚ್ಚು ದುಡ್ಡು, ವಾರದ ಕೊನೆಗೆ ಕಡಿಮೆ.

“ಶನಿವಾರ ತಳ ಕಾಣುತ್ತಿರಲಿಲ್ಲ” ಎಂದ ಥಾರ್ಪ್.

“ಶನಿವಾರ ಯಾರು ಹೋಗುದು ದೊರೆಗಳೇ?”

“ನಾವು.”

ನದಿಯಲ್ಲಿ ಈಜಿ ಬೆಳೆದ ಕ್ಯಾಜಿಟನ್ ಮುಖ ತಗ್ಗಿಸಿ ನಕ್ಷೆ ನೋಡಿದ. ಆರು ಕೋಣೆ. ಪ್ರತಿಯೊಂದರಲ್ಲೂ ಒಬ್ಬ ಕಾಲು ಚಾಚಿ ಕೂರುವಷ್ಟು ಉದ್ದದ ಗಾರೆಯ ತೊಟ್ಟಿ. ತೊಟ್ಟಿಯ ತಳದಲ್ಲಿ ನೀರು ಹೋಗಲು ಕೊಳವೆ. ಬಾಗಿಲ ಹೊರಗೆ ನಲ್ಲಿ. ಹಿಂದುಗಡೆ ತಾಮ್ರದ ದೊಡ್ಡ ಹಂಡೆ, ಕೆಳಗೆ ಒಲೆ. ನೆಲ ಮಟ್ಟಸ, ಕೆಂಪು ಹೆಂಚಿನ ಹಾಸು. ಅವನ ಬೆರಳು ಕೋಣೆಯ ಮೂಲೆಗಳನ್ನೆಲ್ಲ ಸುತ್ತಿ ಬಂತು.

“ನೆಲದ ನೀರು ಎಲ್ಲಿಗೆ ಹೋಗುದು?”

“ನೆಲಕ್ಕೆ ನೀರು ಬೀಳುವುದಿಲ್ಲ.”

“ಸ್ನಾನ ಮಾಡಿದರೆ ಬೀಳ್ತದಲ್ಲ.”

“ಸ್ನಾನ ತೊಟ್ಟಿಯೊಳಗೆ, ಕ್ಯಾಜಿಟನ್. ಕೂತು ಮಾಡುವುದು.”

“ಇರಲಿ. ಮೂಲೆಗೊಂದು ಕಂಡಿ ಇಟ್ಟರೆ ಗೋಡೆಗೆ ನಷ್ಟ ಇಲ್ಲ. ಬಚ್ಚಲು ಅಂದ ಮೇಲೆ ಕಂಡಿ ಬೇಕು.”

“ಕಂಡಿ ಇಟ್ಟರೆ ನಿಮ್ಮ ಜನ ತೊಟ್ಟಿ ಬಿಟ್ಟು ನೆಲದ ಮೇಲೆ ಕೂರುತ್ತಾರೆ. ಇದು ಬಚ್ಚಲಲ್ಲ. ನಕ್ಷೆಯಲ್ಲಿ ಹೇಗಿದೆಯೋ ಹಾಗೆ ಕಟ್ಟು.”

ಕ್ಯಾಜಿಟನ್ ಹಾಗೆಯೇ ಕಟ್ಟಿದ.

ಒಲೆಗೆ ಬೆಂಕಿ ಹಾಕುವ ಕೆಲಸ ಹುಲಿಯಮ್ಮನಿಗೆ ಸಿಕ್ಕಿತು. ಐವತ್ತರ ಆಸುಪಾಸಿನ ವಿಧವೆ. ಲೈನಿನಲ್ಲಿ ಯಾರಿಗೆ ಹೆರಿಗೆಯಾದರೂ ಬಾಣಂತಿಗೂ ಕೂಸಿಗೂ ನೀರು ಹಾಕುವವಳು ಅವಳೇ. ಮೊದಲ ಶನಿವಾರ ಜನ ಗುಂಪಾಗಿಯೇ ಬಂದರು, ತೊಟ್ಟಿಯೊಳಕ್ಕೆ ಇಣುಕಿದರು. ಕೂಲಿಯವರ ಮೇಲಿನ ಮೇಸ್ತ್ರಿ ದ್ಯಾವಯ್ಯ ಬಗ್ಗಿ ನೀರಿಗೆ ಕೈ ಅದ್ದಿ ನೋಡಿದ.

“ಇದ್ರೊಳಗೆ ಕುಂತ್ರೆ ಮೈ ಕೊಳೆ ಎಲ್ಲೋಯ್ತದೆ ಕಾಯ್ತಣ್ಣ?”

“ನೀರಿಗೆ ಹೋಗ್ತದೆ.”

“ನೀರು?”

“ನಿನ್ನ ಸುತ್ತಲೇ ಇರ್ತದೆ, ನೀನು ಏಳುವ ತನಕ.”

“ಅದನ್ನ ಎಮ್ಮೆ ಮಾಡ್ತದೆ ಕಣಣ್ಣ. ಅದ್ಕೆ ಇಷ್ಟು ದೊಡ್ಡ ಮನೆ ಕಟ್ಟಿಸ್ಬೇಕಾಗಿತ್ತಾ?”

ನೀರು ಬಿಸಿಯಾಗಿತ್ತು, ಅದನ್ನು ಬಿಟ್ಟು ಹೋಗಲು ಯಾರಿಗೂ ಮನಸ್ಸಿಲ್ಲ. ಗಂಡಸರು ತೊಟ್ಟಿಯ ಪಕ್ಕದಲ್ಲಿ ನಿಂತು ಚೊಂಬಿನಿಂದ ಮೊಗೆದು ತಲೆಗೆ ಹೊಯ್ದುಕೊಂಡರು. ಒಬ್ಬನ ಬೆನ್ನನ್ನು ಇನ್ನೊಬ್ಬ ತಿಕ್ಕಿದ. ಮಟ್ಟಸ ನೆಲದ ಮೇಲೆ ನೀರು ಗೇಣೆತ್ತರ ನಿಂತು, ಬಾಗಿಲ ಸಂದಿಯಿಂದ ನಡುಹಾದಿಗೆ ಇಳಿದು, ಅಲ್ಲಿಂದ ಒಲೆಯ ಗುಂಡಿಗೆ ಹೋಯಿತು. ಹುಲಿಯಮ್ಮ ಬೆಳಗ್ಗೆಯಿಂದ ಊದಿ ಹಿಡಿಸಿದ್ದ ಬೆಂಕಿ ಚುಸ್ ಎಂದು ಆರಿತು. ಬೂದಿ ಮೆತ್ತಿದ ಮುಖ ಹೊತ್ತು ಎದ್ದುಬಂದವಳು ಕ್ಯಾಜಿಟನ್‌ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

“ಗಾರೆ ಕೆಲಸದೋನು ನೀನೇನಾ?”

ಆ ಸಂಜೆಯೇ ಅವನು ದೊರೆಯ ಬಳಿ ಹೋಗಿ ಕಂಡಿ ಕೇಳಿದ. ಥಾರ್ಪ್ ಕಂಡಿಯ ಬದಲು ನಿಯಮ ಕೊಟ್ಟ. ಒಂದು ಕೋಣೆಗೆ ಒಬ್ಬರೇ. ಬಾಗಿಲು ಹಾಕಿಕೊಳ್ಳಬೇಕು. ಕೂತೇ ಮೀಯಬೇಕು, ಚೊಂಬು ತರಕೂಡದು. ಇಪ್ಪತ್ತು ನಿಮಿಷ. ನೀರು ಹೊರಗೆ ಒಯ್ಯಕೂಡದು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಇದನ್ನು ಹಲಗೆಯ ಮೇಲೆ ಕನ್ನಡದಲ್ಲಿ ಬರೆದು ನೇತುಹಾಕಿದ. ಓದಲು ಬರುತ್ತಿದ್ದವನು ರೈಟರ್ ಒಬ್ಬನೇ.

ಮುಂದಿನ ಶನಿವಾರ ಮೂವರು ಬಂದರು. ಅದರ ಮುಂದಿನ ವಾರ ಒಬ್ಬ. ಆಮೇಲೆ ಯಾರೂ ಇಲ್ಲ.

ಪ್ರತಿ ಶನಿವಾರ ಸಂಜೆ ಮಿಂದವರ ಸಂಖ್ಯೆಯನ್ನು ಬಂಗಲೆಗೆ ಹೇಳಿಬರುವುದು ಕ್ಯಾಜಿಟನ್‌ನ ಕೆಲಸವಾಯಿತು. ಹೋಗುವುದು, ಟೊಪ್ಪಿ ತೆಗೆಯುವುದು, ಯಾರೂ ಬರಲಿಲ್ಲ ದೊರೆಗಳೇ ಎನ್ನುವುದು. ಜನಕ್ಕೆ ಕೂರುವುದು ಹೇಗೆಂದು ಗೊತ್ತಿಲ್ಲ, ಅಷ್ಟೇ, ಎಂದು ಥಾರ್ಪ್ ತೀರ್ಮಾನಿಸಿದ. ಒಂದು ಭಾನುವಾರ ಲೈನಿನವರನ್ನೆಲ್ಲ ಸೇರಿಸಿ, ಬಾಗಿಲು ತೆರೆದಿಟ್ಟು, ಕ್ಯಾಜಿಟನ್‌ನನ್ನೇ ಪಂಚೆ ಉಟ್ಟ ಹಾಗೆ ತೊಟ್ಟಿಯಲ್ಲಿ ಕೂರಿಸಿದ. ಇಪ್ಪತ್ತು ನಿಮಿಷ ಗಡಿಯಾರ ಹಿಡಿದು ಪಕ್ಕದಲ್ಲಿ ನಿಂತ. ನೀರು ಮೊದಲು ಸುಡುತ್ತಿತ್ತು, ಆಮೇಲೆ ಹಿತವಾಯಿತು, ಆಮೇಲೆ ಆರಿತು. ಎದ್ದುಹೋಗಲು ಅಪ್ಪಣೆಯಿಲ್ಲ.

“ಸುಣ್ಣ ನೆನೆ ಹಾಕ್ದಂಗೆ ಕುಂತವ್ನೆ” ಎಂದಳು ಹುಲಿಯಮ್ಮ. ಜನ ನಕ್ಕ ನಗೆ ಕಾಫಿ ಗಿಡಗಳ ಆಚೆಗೂ ಕೇಳಿರಬೇಕು.

ಕ್ಯಾಜಿಟನ್ ಮನೆಗೆ ಬಂದವನೇ ಬಚ್ಚಲಿಗೆ ಹೋದ. ಮೊಡೆಸ್ಟಾ ಏನೂ ಕೇಳದೆ ಹಂಡೆಯಿಂದ ನೀರು ತೋಡಿ ಅವನ ತಲೆಯ ಮೇಲೆ ನಾಲ್ಕು ಬಿಂದಿಗೆ ಸುರಿದಳು. ಐದನೆಯದಕ್ಕೆ ಬಾಯಿ ಬಿಟ್ಟಳು.

“ದೊರೆಯ ಸ್ನಾನ ಆಯ್ತು, ಈಗ ಅದನ್ನು ತೊಳೆಯುವ ಸ್ನಾನ. ನಿಮಗೇ ಸಾಲದ್ದನ್ನು ಆ ಜನಕ್ಕೆ ಹೇಗೆ ಸಾಕು ಅಂತೀರಿ?”

“ನಾನು ಹೇಳುದಲ್ಲ ಅದು.”

“ಗೋಡೆ ನೀವು ಕಟ್ಟಿದ್ದಲ್ವಾ?”

ಅವನ ಕಾಲ ಬುಡದಿಂದ ನೀರು ಮೂಲೆಗೆ ಜಾರಿ ಕಂಡಿಯಿಂದ ಗಳಗಳ ಹೊರಗೆ ಹೋಗುತ್ತಿತ್ತು. ಸ್ವಂತ ಮನೆಯಲ್ಲಿ ಅವನು ಮೊದಲು ಮಾಡಿದ್ದೇ ಆ ಇಳಿಜಾರು.

ಹೀಗೆ ೧೮೯೫, ೯೬ ಕಳೆದವು. ಹುಲಿಯಮ್ಮ ಶನಿವಾರ ತಪ್ಪದೆ ಬೆಂಕಿ ಹಾಕಿದಳು, ನೀರು ಕಾದು ತಣ್ಣಗಾಯಿತು. ಕ್ಯಾಜಿಟನ್ ಸಮಯ ನೋಡಿ ನೋಡಿ ಕೇಳಿದ. ಬೆಳೆ ಚೆನ್ನಾಗಿ ಬಂದಾಗ ಕೇಳಿದ, ಕ್ರಿಸ್‌ಮಸ್‌ಗೆ ಕೇಳಿದ, ಥಾರ್ಪ್ ಜ್ವರದಿಂದ ಎದ್ದಾಗ ಕೇಳಿದ. ಒಂದು ಕೋಣೆಗಾದರೂ ಸಾಕು ಎಂದ. ಉತ್ತರ ಒಂದೇ. ಕೋಪದಿಂದ ಬಂದಿದ್ದರೆ ಮರುಮಾತು ಹೇಳಬಹುದಿತ್ತು. ಥಾರ್ಪ್ ಮಾತ್ರ, ತಾನು ಕೊಟ್ಟ ಒಳ್ಳೆಯ ವಸ್ತುವನ್ನು ಯಾಕೆ ಬೇಡ ಎನ್ನುತ್ತಾರೆಂದು ತಿಳಿಯದವನ ಬೇಸರದಲ್ಲಿ ಹೇಳುತ್ತಿದ್ದ.

೧೮೯೭ರ ಆಷಾಢದಲ್ಲಿ ಹುಲಿಯಮ್ಮನ ಮಗಳು ದೇವೀರಿ ಲೈನಿನಲ್ಲಿ ಹೆತ್ತಳು. ಹೆರಿಗೆ ಎರಡು ದಿನ ಎಳೆದಿತ್ತು. ಕೂಸು ಉಳಿಯಿತು, ತಾಯಿಗೆ ಎದ್ದು ಕೂರುವ ತ್ರಾಣವಿರಲಿಲ್ಲ. ಹೊರಗೆ ಮೂರು ವಾರದಿಂದ ಬಿಡದ ಮಳೆ. ತಡಿಕೆಯ ಮರೆಯಲ್ಲಿ, ಗಾಳಿಗೆ, ಬಾಣಂತಿಗೆ ನೀರು ಹಾಕುವುದೆಂದರೆ ಏನೆಂದು ಹುಲಿಯಮ್ಮನಿಗೆ ಗೊತ್ತಿತ್ತು. ಹಿಂದಿನ ವರ್ಷ ಹಾಗೆ ನೀರು ಹಾಕಿಸಿಕೊಂಡ ಇಬ್ಬರು ಶೀತ ಹಿಡಿದು ಸತ್ತಿದ್ದರು. ಇಬ್ಬರಿಗೂ ನೀರು ಹಾಕಿದವಳು ಅವಳೇ.

“ಒಂದು ಕೋಣೆ ಕೊಡ್ಸು ಕಾಯ್ತಣ್ಣ” ಎಂದಳು. “ನಲವತ್ತು ದಿನ. ನೀರು ಅಲ್ಲೇ ಐತೆ, ಸೌದೆ ಅಲ್ಲೇ ಐತೆ, ಗಾಳಿ ನುಗ್ಗಾಕಿಲ್ಲ.”

ಊಟಿಗೆ ಹೊರಡಲು ಪೆಟ್ಟಿಗೆ ಕಟ್ಟಿಸುತ್ತಿದ್ದ ಥಾರ್ಪ್ ಈ ಸಲ ಪೂರ್ತಿ ಕೇಳಿಸಿಕೊಂಡ. “ಧಾರಾಳವಾಗಿ ಬರಲಿ” ಎಂದ. “ದಿನಾ ಬರಲಿ. ಎಷ್ಟು ಬಿಸಿ ಬೇಕೋ ಅಷ್ಟು ಕೊಡು. ತೊಟ್ಟಿಯಲ್ಲಿ ಕೂತುಕೊಳ್ಳಲಿ.”

“ಬಾಣಂತಿಗೆ ಇನ್ನೊಬ್ಬರು ನೀರು ಹಾಕಬೇಕು ದೊರೆಗಳೇ. ಸೊಂಟಕ್ಕೆ, ಬೆನ್ನಿಗೆ, ಬೀಸಿ ಹಾಕುದು. ಅದಕ್ಕೇ ನೆಲ, ನೆಲಕ್ಕೇ ಕಂಡಿ.”

“ಕ್ಯಾಜಿಟನ್, ಈ ಮಳೆಗಾಲ ಮುಗಿಯುವುದರೊಳಗೆ ಜನ ಬರದಿದ್ದರೆ ನಾನು ಆ ಕಟ್ಟಡವನ್ನು ಸ್ಟೋರಿಗೆ ಕೊಡಬೇಕಾಗುತ್ತದೆ. ಕಂಡಿಯ ಮಾತು ಬಿಟ್ಟು ಜನರನ್ನು ತಾ.”

ಈ ಉತ್ತರವನ್ನು ಹುಲಿಯಮ್ಮ ಒಲೆಯ ಮುಂದೆ ಕೂತೇ ಕೇಳಿದಳು.

“ಹೆತ್ತೋಳ ನಡ ನೀರಾಗೆ ನೆನೆ ಹಾಕ್ತಾರಾ? ಕೂತು ಏಳಾಕೇ ಆಗ್ದೋಳು ಆ ಗುಂಡಿಗೆ ಇಳಿದು ಹೆಂಗೆ ಹತ್ತಿ ಬತ್ತಾಳೆ? ಅವ್ಳ ಬೆನ್ನು ಅವ್ಳ ಕೈಗೆ ಎಟುಕ್ತದಾ? ನೀನೂ ಹೆಂಡ್ತಿ ಕೈಲಿ ನೀರು ಹಾಕಿಸ್ಕಳಾನೇ. ಹೋಗಿ ಹೇಳ್ಬಾರ್ದಾಗಿತ್ತಾ?”

“ಹೇಳಿದೆ. ಮೂರು ವರ್ಷದಿಂದ ಹೇಳುದೇ ನನ್ನ ಕೆಲಸ.”

“ನಿನ್ನ ಕೆಲಸ ಹೇಳಾದಲ್ಲ ಕಣಣ್ಣ. ಹಾರೆ ಹಿಡಿಯಾದು.”

ದೊರೆಯ ಗಾಡಿ ಸಕಲೇಶಪುರ ದಾಟಿದ ಮಾರನೆಯ ಬೆಳಗ್ಗೆ ಕ್ಯಾಜಿಟನ್ ಹಾರೆ ಹಿಡಿದ. ಒಂದೂವರೆ ಅಡಿ ದಪ್ಪದ ಕಲ್ಲುಗೋಡೆ, ತಾನೇ ಹಾಕಿದ ಗಾರೆ. ಕೆಟ್ಟದಾಗಿ ಕಟ್ಟಿದ್ದರೆ ಬೇಗ ಒಡೆಯುತ್ತಿತ್ತು. ಮಧ್ಯಾಹ್ನಕ್ಕೆ ಮುಷ್ಟಿಯಷ್ಟು ಬೆಳಕು ಕಂಡಿತು. ಹೆಂಚಿನ ಹಾಸಿನ ಮೇಲೆ ಹೊಸ ಗಾರೆ ಎಳೆದು ಮೂಲೆಯ ಕಡೆಗೆ ಇಳಿಜಾರು ಕೊಟ್ಟ. ತೊಟ್ಟಿಯ ಬಾಯಿಗೆ ಹಲಸಿನ ಹಲಗೆ ಮುಚ್ಚಿ, ಒರಗಿ ಕೂರಲು ಅನುಕೂಲ ಮಾಡಿದ. ಗಾರೆ ಬಲಿಯಲು ನಾಲ್ಕು ದಿನ ಬೇಕು ಎಂದ. ಎರಡು ದಿನಕ್ಕೇ ಹುಲಿಯಮ್ಮ ಮಗಳನ್ನು ಕಂಬಳಿ ಸುತ್ತಿ ಎತ್ತಿಕೊಂಡು ಬಂದುಬಿಟ್ಟಳು.

ಬಾಗಿಲು ಮುಚ್ಚಿತು. ಕ್ಯಾಜಿಟನ್ ಹೊರಗೆ ನಲ್ಲಿಯ ಹತ್ತಿರ ನಿಂತ. ಒಳಗೆ ನೀರು ಬೆನ್ನಿಗೆ ಬೀಳುವ ಚಟಾರ್ ಚಟಾರ್ ಸದ್ದು, ದೇವೀರಿಯ ನರಳಿಕೆ, ನರಳಿಕೆ ನಿಧಾನವಾಗಿ ನಿಟ್ಟುಸಿರಾದದ್ದು, “ಇನ್ನೊಸಿ ಬಿಸಿ ಬುಡಣ್ಣ” ಎಂಬ ಹುಲಿಯಮ್ಮನ ಕೂಗು, ಎಲ್ಲ ಕೇಳಿಸಿತು. ನಲ್ಲಿ ತಿರುಗಿಸಿದ. ಗೋಡೆಯ ಹೊರಗೆ, ಕಂಡಿಯಿಂದ, ಹೊಗೆಯಾಡುವ ನೀರು ಇಳಿದು ಬಾಳೆಗಿಡಗಳ ಕಡೆ ಹೋಯಿತು.

ಸುದ್ದಿ ಲೈನಿಗೆ ತಲುಪಲು ಹೊತ್ತು ಹಿಡಿಯಲಿಲ್ಲ. ಶನಿವಾರ ಒಂದು ಕೋಣೆಗೆ ಇಪ್ಪತ್ತೆರಡು ಜನ ಕಾದರು. ಒಂದು ಕಂಡಿ ಹೊಡೆದದ್ದಾಯಿತು, ಮಿಕ್ಕ ಐದಕ್ಕೆ ಹೆದರಿ ಏನು ಎಂದು ದ್ಯಾವಯ್ಯ ಮೇಸ್ತ್ರಿ ತಾನೇ ಹಾರೆ ತಂದ. ಆಮೇಲಿನ ಶನಿವಾರ ನಲವತ್ತು, ಅದರ ಮುಂದಿನದು ಅರವತ್ತೊಂದು. ಅಜ್ಜಿಯರ ಬೆನ್ನು ಸೊಸೆಯರು ತಿಕ್ಕಿದರು, ಸೊಸೆಯರ ತಲೆಗೆ ಅಜ್ಜಿಯರು ಎಣ್ಣೆ ಒತ್ತಿದರು. ದೇವೀರಿ ಇಪ್ಪತ್ತನೆಯ ದಿನಕ್ಕೆ ಗೋಡೆ ಹಿಡಿದು ತಾನೇ ನಡೆದು ಬಂದಳು. ಕ್ಯಾಜಿಟನ್ ಪ್ರತಿ ವಾರದ ಸಂಖ್ಯೆಯನ್ನು ರೈಟರನಿಂದ ಚೀಟಿಯಲ್ಲಿ ಬರೆಸಿ ಬಂಗಲೆಯ ಮೇಜಿನ ಮೇಲೆ ಇಟ್ಟ. ಸಂಖ್ಯೆ ನೋಡಿದರೆ ದೊರೆಗೆ ಕಂಡಿ ದೊಡ್ಡದಾಗಿ ಕಾಣಲಿಕ್ಕಿಲ್ಲ ಎಂಬುದು ಅವನ ಲೆಕ್ಕಾಚಾರ.

ಥಾರ್ಪ್ ಬಂದದ್ದು ಒಂದು ಶನಿವಾರ ಮಧ್ಯಾಹ್ನ. ಚೀಟಿಗಳನ್ನು ನೋಡಿ ಬೂಟು ಕೂಡ ಬದಲಿಸದೆ ಇಳಿದು ಬಂದ. ಮುಖದಲ್ಲಿ ಅಂಥ ಸಂತೋಷವನ್ನು ಕ್ಯಾಜಿಟನ್ ಹಿಂದೆಂದೂ ಕಂಡಿರಲಿಲ್ಲ, ಅದಕ್ಕೇ ಮುಂದಿನದು ನೋಡಲು ಕಷ್ಟವಾಯಿತು. ದೊರೆ ಕಟ್ಟಡದ ಹಿಂದೆ ಸುತ್ತಿ ಬಂದ. ಆರು ಕಂಡಿ, ಆರು ತೊರೆ. ಒಳಗಿನಿಂದ ಹೆಂಗಸರ ಮಾತು, ನಗೆ, ಒಂದು ಮಗುವಿನ ಅಳು.

“ತೊಟ್ಟಿಗಳು?”

“ಹಲಗೆ ಮುಚ್ಚಿದ್ದೇನೆ. ಹಾಳಾಗಲಿಲ್ಲ.”

“ಒಂದು ಕೋಣೆಯಲ್ಲಿ ಎಷ್ಟು ಜನ?”

“ಇಬ್ಬರು. ಮೂವರು. ಆದರೆ ಅರವತ್ತೊಂದು ಜನ ಬಂದರು ದೊರೆಗಳೇ.”

ಥಾರ್ಪ್ ಮಾತಾಡಿದಾಗ ದನಿ ಏರಲಿಲ್ಲ. “ನನ್ನ ಅಜ್ಜಿ ಒಂದು ಕೋಣೆಯಲ್ಲಿ ಒಂಬತ್ತು ಜನರ ಜೊತೆ ಬದುಕಿದವಳು. ಹುಟ್ಟಿದಾಗಿನಿಂದ ಒಂದು ಗಳಿಗೆ ಒಬ್ಬಳೇ ಇದ್ದದ್ದು ಗೊತ್ತಿರಲಿಲ್ಲ ಅವಳಿಗೆ. ವಾರಕ್ಕೊಮ್ಮೆ ಸ್ನಾನದ ಮನೆಯ ಆ ಬಾಗಿಲು ಹಾಕಿಕೊಂಡರೆ ಇಪ್ಪತ್ತು ನಿಮಿಷ ಅವಳನ್ನು ಯಾರೂ ನೋಡುವಂತಿಲ್ಲ, ಯಾರೂ ಮುಟ್ಟುವಂತಿಲ್ಲ. ಬಿಸಿನೀರು ಅದರ ನಂತರದ ಮಾತು. ನಾನು ಈ ಜನಕ್ಕೆ ಕೊಟ್ಟದ್ದು ಅದು. ನೀನು ಅದನ್ನು ತೆಗೆದು ಆರು ಬಚ್ಚಲು ಮಾಡಿದೆ.”

ಮೂರು ವರ್ಷದಲ್ಲಿ ಮೊದಲ ಬಾರಿಗೆ ಕ್ಯಾಜಿಟನ್‌ಗೆ ಆ ನಕ್ಷೆ ಅರ್ಥವಾಯಿತು. ಅರ್ಥವಾದದ್ದರಿಂದ ಅವನಿಗೆ ಇನ್ನಷ್ಟು ಸಿಟ್ಟು ಬಂತು.

“ಅಲ್ಲಿಯದು ಹಾಗೆ ಇರಬಹುದು. ಇಲ್ಲಿ ಒಬ್ಬಳೇ ಕೂತು ಮಿಂದರೆ, ಅವಳಿಗೆ ನೀರು ಹಾಕುವವರು ಯಾರೂ ಇಲ್ಲ ಅಂತ ಅರ್ಥ. ದಿಕ್ಕಿಲ್ಲದವರು ಮೀಯುವ ರೀತಿ ಅದು. ನೀವು ಕೇಳಬಹುದಿತ್ತು.”

“ನೀನು ಹೇಳಬಹುದಿತ್ತು. ನೀನು ಬರೀ ಕಂಡಿ ಕೇಳಿದೆ.”

ಅದು ನಿಜವಾಗಿತ್ತು. ಮೂರು ವರ್ಷ ಅವನು ಗೋಡೆಯ ಮಾತು ಆಡಿದ್ದ, ನೀರಿನ ಮಾತು ಆಡಿದ್ದ, ಇಳಿಜಾರಿನ ಮಾತು ಆಡಿದ್ದ.

“ಸೋಮವಾರದೊಳಗೆ ಮುಚ್ಚು” ಎಂದ ಥಾರ್ಪ್. “ನಿನ್ನ ಕೈಲಿ ಆಗದಿದ್ದರೆ ಸಕಲೇಶಪುರದಿಂದ ಬೇರೆಯವರನ್ನು ಕರೆಸುತ್ತೇನೆ.”

“ಬಾಣಂತಿಗೆ ಇನ್ನು ಹದಿನೇಳು ದಿನ ಉಂಟು.”

“ಅವಳಿಗೆ ತೊಟ್ಟಿ ಇದೆ.”

ಸೋಮವಾರ ಕ್ಯಾಜಿಟನ್ ಆರು ಕಂಡಿಗಳನ್ನೂ ತಾನೇ ಮುಚ್ಚಿದ. ಬೇರೆಯವನು ಮುಚ್ಚಿದರೆ ಗೋಡೆ ಸೋರುತ್ತದೆ ಎಂದು ಮೊಡೆಸ್ಟಾಳಿಗೆ ಹೇಳಿದ. ಅವಳು ನಂಬಿದಂತೆ ಕಾಣಲಿಲ್ಲ. ಆ ಶನಿವಾರ ಯಾರೂ ಬರಲಿಲ್ಲ. ಅದೇ ವರ್ಷದ ಕುಯ್ಲಿಗೆ ಅದು, ಹಣ್ಣು ಸುಲಿದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ಸ್ಟೋರ್ ಆಯಿತು. ನೀರು ನುಗ್ಗದ, ನೀರು ಹೋಗದ ಕಟ್ಟಡ. ಕಾಫಿ ಅಲ್ಲಿ ಚೆನ್ನಾಗಿಯೇ ಉಳಿಯುತ್ತಿತ್ತು. ಕ್ಯಾಜಿಟನ್ ಆ ಎಸ್ಟೇಟಿನಲ್ಲಿ ಇನ್ನೂ ಎಂಟು ವರ್ಷ ಕೆಲಸ ಮಾಡಿದ. ಆ ಬಾಗಿಲ ಮುಂದೆ ದಿನಕ್ಕೆರಡು ಸಲ ಹಾದು ಹೋಗಬೇಕಿತ್ತು. ಥಾರ್ಪನನ್ನು ಮತ್ತೆ ಯಾವುದಕ್ಕೂ ಅಪ್ಪಣೆ ಕೇಳಲಿಲ್ಲ. ಥಾರ್ಪನೂ ಸ್ನಾನದ ಮಾತು ಮತ್ತೆ ಎತ್ತಲಿಲ್ಲ.

ಕಂಡಿ ಮುಚ್ಚಿದ ಆ ಸೋಮವಾರವೇ, ಕರಣೆ ತೊಳೆದು, ಅವನು ನೇರ ಲೈನಿಗೆ ನಡೆದ. ದ್ಯಾವಯ್ಯನಿಂದ ಐದು ಆಳು ಕೇಳಿದ. ಹಳ್ಳದ ಕಲ್ಲು, ಕೆಸರಿನ ಗಾರೆ, ಎದೆಯಿಂದ ಗೇಣು ಮೇಲಕ್ಕೆ ನಾಲ್ಕು ಗೋಡೆ, ಕಲ್ಲುಚಪ್ಪಡಿಯ ನೆಲ, ಮೂಲೆಯಲ್ಲಿ ಕಂಡಿ, ಒಳಗೇ ಮೂರು ಗುಂಡಿನ ಒಲೆ. ಮೇಲೆ ಹುಲ್ಲಿನ ಮಾಡು. ಮಂಗಳವಾರ ಕತ್ತಲಾಗುವ ಹೊತ್ತಿಗೆ ಮುಗಿಯಿತು. ತಾಮ್ರದ ಹಂಡೆಯಿಲ್ಲ, ಮಣ್ಣಿನ ಗಡಿಗೆಗಳೇ.

ಹುಲಿಯಮ್ಮ ಸುತ್ತ ಒಂದು ಸಲ ಬಂದು ನೋಡಿದಳು.

“ಎಲ್ಡು ದಿನದ ಕೆಲಸ” ಎಂದಳು.

“ಹೌದು.”

“ಇದ್ಕೆ ಯಾರ ಅಪ್ಪಣೆ ಬೇಕಾಗಿತ್ತು ಕಾಯ್ತಣ್ಣ?”

ಅವನು ಹಾರೆಗೆ ಮೆತ್ತಿದ ಕೆಸರನ್ನು ಕಡ್ಡಿಯಿಂದ ಕೆರೆಯುತ್ತ ಕೂತ.

ಬುಧವಾರ ಬೆಳಗ್ಗೆ ದೇವೀರಿಗೆ ಅಲ್ಲಿ ಮೊದಲ ನೀರು. ಮಳೆ ಜೋರಾಗಿತ್ತು. ಅರ್ಧ ನೀರು ಹಾಕುವಷ್ಟರಲ್ಲಿ ಒಳಗಿನಿಂದ ಹುಲಿಯಮ್ಮನ ದನಿ ಬಂತು. ಒಲೆಯ ಪಕ್ಕದಲ್ಲೇ ಮಾಡು ಸೋರುತ್ತಿದೆ, ತಣ್ಣೀರು ಮಗಳ ಹೆಗಲಿಗೇ ಬೀಳುತ್ತಿದೆ. ಅವಸರದಲ್ಲಿ ಹೊದಿಸಿದ ಹುಲ್ಲು. ಕ್ಯಾಜಿಟನ್ ಮಳೆಗೆ ತಲೆಯ ಮೇಲೆ ಹೊದ್ದಿದ್ದ ಎಲೆಯ ಗೊರಬು ಬಿಸಾಕಿ, ಒಂದು ಹೊರೆ ಹುಲ್ಲು ಬಗಲಿಗಿಟ್ಟುಕೊಂಡು, ಗೋಡೆಯ ಕಲ್ಲಿಗೆ ಕಾಲು ಕೊಟ್ಟ.

“ಯಾರದು ಗೋಡೆ ಹತ್ತಾದು?” ಒಳಗಿನಿಂದ ಪ್ರಶ್ನೆ.

“ನಾನೇ. ಸೋರುದು ಮುಚ್ಚುತ್ತೇನೆ.”

“ನಾಚಿಕೆ ಆಗಾಕಿಲ್ವಾ ನಿಂಗೆ? ಒಳಗೆ ಬಾಣಂತಿ ಮೀಯ್ತಾ ಅವ್ಳೆ. ಇಳಿಯಣ್ಣ ಕೆಳೀಕೆ.”

“ಮಗಳಿಗೆ ಶೀತ ಆಗ್ತದೆ ಹುಲಿಯಮ್ಮ.”

“ನಾನು ಅಡ್ಡ ನಿಂತಿವ್ನಿ. ನನ್ನ ಬೆನ್ನ ಮ್ಯಾಗೆ ಬೀಳ್ಲಿ. ನೀನು ಇಳಿ.”

ಕ್ಯಾಜಿಟನ್ ಇಳಿದ. ಹುಲ್ಲಿನ ಹೊರೆಯನ್ನು ನೆನೆಯದಂತೆ ಎದೆಗೆ ಅವುಚಿಕೊಂಡು, ಬಚ್ಚಲಿಗೆ ಬೆನ್ನು ತಿರುಗಿಸಿ, ಮಳೆಯಲ್ಲಿ ನಿಂತ. ಒಳಗೆ ಇನ್ನೂ ಆರು ಗಡಿಗೆ ನೀರು ಬಾಕಿ ಇತ್ತು. ಹುಲಿಯಮ್ಮ ಅವಸರ ಮಾಡುವವಳಲ್ಲ.